ಲಿನಕ್ಸ್ ಗಣಕದಲ್ಲಿ ನಕಲು ಮಾಡಿದ ಮಾತು ಎಲ್ಲಿರುತ್ತದೆ?

ಕತ್ತರಿ, ಗೋಂದು, ಕಾಗದದ ಚೂರು ಇವುಗಳಿಂದ ಹಸ್ತಪ್ರತಿಯನ್ನು ತಿದ್ದಿ ಅಚ್ಚಿಗೆ ಕಳುಹಿಸಿದ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ಆ ಕೆಲಸವನ್ನು ಗಣಕದ ತೆರೆಗೆ ತಂದವರಲ್ಲಿ ಲ್ಯಾರಿ ಟೆಸ್ಲರ್, ಟಿಮ್ ಮಾಟ್ ಎಂಬಿಬ್ಬರು ಮುಖ್ಯರು. 1970ರ ದಶಕದ ನಡುವೆ ಅಮೆರಿಕೆಯ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಅವರು ರಚಿಸಿದ 'ಜಿಪ್ಸಿ' ಎಂಬ ತಂತ್ರಾಂಶದಲ್ಲಿ ಕತ್ತರಿಸಿ ಅಂಟಿಸುವ ಕ್ರಮ ರೂಪುಗೊಂಡಿತು. ಇಂದು ಎಲ್ಲ ಗಣಕಗಳಲ್ಲಿಯೂ ಅದುಂಟು. ಆದರೆ ಲಿನಕ್ಸಿನಲ್ಲಿ ಅದರ ನಡೆ ತುಸು ಬೇರೆ. ಕೇರಳದ ಶಾಲೆಗಳಲ್ಲಿ ಉಬುಂಟುವನ್ನು ಆಧರಿಸಿದ ಕೈಟ್ ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಅಧ್ಯಾಪಕರಿಗಂತೂ ಇದು ದಿನದ ವಿಚಾರವೇ ಆಗಿದೆ.

ನಕಲು ಮಾಡಿದೊಡನೆ ಆ ಮಾತು ಎಲ್ಲಿಯೋ ಒಂದು ಪೆಟ್ಟಿಗೆಯೊಳಗೆ ಹೋಗಿ ಬೀಳುತ್ತದೆಂದು ನಾವು ಭಾವಿಸುತ್ತೇವೆ. ಲಿನಕ್ಸಿನ ಹಳೆಯ ಏರ್ಪಾಡಿನಲ್ಲಿ ಅಂತಹ ಪೆಟ್ಟಿಗೆಯೇ ಇಲ್ಲ. 1984ರಲ್ಲಿ ಎಂ.ಐ.ಟಿ.ಯಲ್ಲಿ ಹುಟ್ಟಿದ 'ಎಕ್ಸ್' ಎಂಬ ಕಿಟಕಿ ವ್ಯವಸ್ಥೆಯು 1987ರಲ್ಲಿ ತನ್ನ ಹನ್ನೊಂದನೆಯ ರೂಪವನ್ನು ತಾಳಿತು. ಅದರ ರೀತಿಯೇ ಈ ಏರ್ಪಾಡಿನ ಮೂಲ. ಊರಿನ ಶಾನುಭೋಗನ ಲೆಕ್ಕವನ್ನು ನೆನೆಯಿರಿ. ಯಾವ ಗದ್ದೆ ಯಾರದೆಂಬುದು ಅವನ ಪುಸ್ತಕದಲ್ಲಿರುತ್ತದೆ. ಭತ್ತವಾದರೋ ಒಡೆಯನ ಕಣಜದಲ್ಲಿಯೇ ಇರುತ್ತದೆ. ಎಕ್ಸ್ ಕೂಡ ಹಾಗೆಯೇ, 'ಈಗ ಆಯ್ದ ಮಾತಿನ ಒಡೆತನ ಇಂತಹ ಕಿಟಕಿಯದು' ಎಂದಷ್ಟೇ ಬರೆದುಕೊಳ್ಳುತ್ತದೆ. ನಾವು ಇನ್ನೊಂದೆಡೆ ಅಂಟಿಸಹೊರಟಾಗ, ಅಲ್ಲಿಯ ತಂತ್ರಾಂಶದ ಬೇಡಿಕೆಯನ್ನು ಎಕ್ಸ್ ಒಡೆಯನಿಗೆ ಮುಟ್ಟಿಸುತ್ತದೆ. ಒಡೆಯನು ಅಕ್ಷರಗಳನ್ನು ಬೇಡಿದ ಕಿಟಕಿಗೆ ಸೇರಿದ ಒಂದು ಜಾಗದಲ್ಲಿರಿಸಿ, 'ಇಟ್ಟಿದ್ದೇನೆ' ಎಂದು ತಿಳಿಸುತ್ತಾನೆ.

ಒಡೆಯನು ಮನೆಗೆ ಬೀಗ ಹಾಕಿ ಹೊರಟುಹೋದರೆ? ಭತ್ತವೂ ಸಿಕ್ಕದು. ಗಂಟೆಗಟ್ಟಲೆ ಕುಳಿತು ಬೆರಳಚ್ಚು ಮಾಡಿದ ಪ್ರಶ್ನೆಗಳನ್ನು ನಕಲು ಮಾಡಿ, ಕಡತವನ್ನು ಉಳಿಸದೆ ಆ ಕಿಟಕಿಯನ್ನು ಮುಚ್ಚಿ, ಬಳಿಕ ಅಂಟಿಸಹೋದವರಿಗೆ ಬರಿಗೈಯಾದುದಕ್ಕೆ ಇದೇ ಕಾರಣ. ಇದನ್ನು ತಪ್ಪಿಸಲು ಪ್ರತಿಯನ್ನು ತಾನೇ ಪಡೆದಿಟ್ಟುಕೊಳ್ಳುವ ಉಗ್ರಾಣಿ ತಂತ್ರಾಂಶಗಳು ಬಂದವು. ಕೆಡಿಇ ತೆರೆಯ 'ಕ್ಲಿಪ್ಪರ್' ಅಂತಹದು. ಆದರೂ ಉಗ್ರಾಣಿಯನ್ನು ನಂಬಿ ಕಡತ ಉಳಿಸದಿರುವುದು ಜಾಣತನವಲ್ಲ.

ಇನ್ನೊಂದು ಸೋಜಿಗವೆಂದರೆ, ಈ ಲೆಕ್ಕದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವವು ಎರಡು. ಮೂಷಿಕದಿಂದ (ಮೌಸಿಗೆ ನಾನು ಬಳಸುವ ಹೆಸರು, ನಗುವವರು ನಗಲಿ) ಸಾಲನ್ನು ಎಳೆದು ಆಯ್ದೊಡನೆಯೇ ಅದು 'ಪ್ರೈಮರಿ' ಎಂಬುದರಲ್ಲಿ ದಾಖಲಾಗುತ್ತದೆ, ನಡುಗುಂಡಿಯನ್ನೋ ಚಕ್ರವನ್ನೋ ಒತ್ತಿದರೆ ಇಳಿಯುತ್ತದೆ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತಿದಾಗ ಮಾತ್ರ 'ಕ್ಲಿಪ್‌ಬೋರ್ಡ್' ಎಂಬ ಎರಡನೆಯದರಲ್ಲಿ ಬರೆಹವಾಗುತ್ತದೆ. ಎರಡೇಕೆ ಬೇಕೆಂದು ಕೇಳಬಹುದು. ಒಂದು ಪದವನ್ನು ತೆಗೆದು ಅದರ ಸ್ಥಳದಲ್ಲಿ ಇನ್ನೊಂದನ್ನು ಇಡಬೇಕಾಗಿದೆಯೆನ್ನಿ. ಹಳೆಯ ಪದವನ್ನು ಆಯ್ದ ಕ್ಷಣವೇ ಪ್ರೈಮರಿಯ ಒಡೆತನ ಅದಕ್ಕೆ ಹೋಗುತ್ತದೆ; ತರಬೇಕೆಂದಿದ್ದ ಪದ ತಪ್ಪಿಹೋಗುತ್ತದೆ. ಕ್ಲಿಪ್‌ಬೋರ್ಡಿಗೆ ಈ ಬಾಧೆಯಿಲ್ಲ. ಅವಸರದ ಕೆಲಸಕ್ಕೆ ಮೊದಲನೆಯದು, ತಿದ್ದುವ ಕೆಲಸಕ್ಕೆ ಎರಡನೆಯದು ಎಂದಿಟ್ಟುಕೊಂಡರೆ ಸಾಕು. ಆಜ್ಞೆಗಳನ್ನು ಬರೆಯುವ ಟರ್ಮಿನಲ್ಲಿನಲ್ಲಿ ಕಂಟ್ರೋಲ್ ಸಿ ಎಂದರೆ ನಡೆಯುವ ಕೆಲಸವನ್ನು ನಿಲ್ಲಿಸು ಎಂದರ್ಥ. ಅಲ್ಲಿ ಶಿಫ್ಟನ್ನೂ ಸೇರಿಸಬೇಕು.

2008ರಲ್ಲಿ ಆರಂಭವಾದ 'ವೇಲ್ಯಾಂಡ್' ಎಂಬ ಹೊಸ ವ್ಯವಸ್ಥೆಯಲ್ಲಿಯೂ ಮಾತು ಒಡೆಯನಲ್ಲಿಯೇ ಇರುತ್ತದೆ, ಒಂದು ಕೊಳವೆಯ ಮೂಲಕ ಹರಿದುಬರುತ್ತದೆ. ಎಕ್ಸಿನಲ್ಲಿ ಯಾವ ತಂತ್ರಾಂಶವಾದರೂ ಯಾವಾಗಲಾದರೂ ಕೇಳಿ ಪಡೆಯಬಹುದಿತ್ತು. ಇಲ್ಲಿ ಸಾಮಾನ್ಯವಾಗಿ ನಾವು ಕೆಲಸ ಮಾಡುತ್ತಿರುವ ಕಿಟಕಿಗೆ ಮಾತ್ರ ಆ ಅವಕಾಶ. ಗುಟ್ಟಿನ ಪದಗಳನ್ನು ನಕಲು ಮಾಡುವವರಿಗೆ ಇದು ಒಳ್ಳೆಯದೇ.

ನಮಗೆ, ಕನ್ನಡದಲ್ಲಿ ಬರೆಯುವವರಿಗೆ, ಎಲ್ಲಕ್ಕಿಂತ ಮುಖ್ಯವಾದುದು ಬೇರೊಂದಿದೆ. ಬೇಡುವವನು ಮೊದಲು 'ಯಾವ ಯಾವ ರೂಪದಲ್ಲಿ ಕೊಡಬಲ್ಲೆ?' ಎಂದು ಒಡೆಯನನ್ನು ಕೇಳಬಹುದು. ಬರಿಯ ಅಕ್ಷರ, ಅಲಂಕಾರಸಹಿತ ಅಕ್ಷರ, ಚಿತ್ರ ಎಂದು ಒಡೆಯನು ಪಟ್ಟಿ ಕೊಡುತ್ತಾನೆ. ಬೇಡುವವನು ತನಗೆ ಒಗ್ಗುವುದನ್ನು ಆರಿಸುತ್ತಾನೆ. ಯೂನಿಕೋಡಿನಲ್ಲಿ ಬರೆದ ಕನ್ನಡ ಯಾವ ರೂಪದಲ್ಲಿ ಹೋದರೂ ಕನ್ನಡವೇ. 'ಕ್ಷಿ' ಎಂಬ ಒಂದು ಅಕ್ಷರ ಕ, ವಿರಾಮಚಿಹ್ನೆ, ಷ, ಇಕಾರ ಎಂಬ ನಾಲ್ಕು ಸಂಕೇತಗಳಾಗಿ, ಯುಟಿಎಫ್-8 ಕ್ರಮದಲ್ಲಿ ಹನ್ನೆರಡು ಬೈಟುಗಳಾಗಿ ಸಾಗುತ್ತದೆ. ತಲುಪಿದೆಡೆ ಮತ್ತೆ 'ಕ್ಷಿ'ಯೇ ಆಗುತ್ತದೆ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತ ಹಾಗಲ್ಲ. ಅಲ್ಲಿ ಒಳಗಿರುವುದು ರೋಮನ್ ಲಿಪಿಯ ಸಂಕೇತಗಳೇ. ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಫಾಂಟಿನ ಹೆಸರು. ಬರಿಯ ಅಕ್ಷರರೂಪವನ್ನು ಆರಿಸುವ ತಂತ್ರಾಂಶಕ್ಕೆ ಅಂಟಿಸಿದೊಡನೆ ಆ ಹೆಸರು ಉದುರಿ, ವೇಷ ಕಳಚಿ, ಯಾರೂ ಓದಲಾರದ ರೋಮನ್ ಗೊಂದಲ ಉಳಿಯುತ್ತದೆ. ನಮ್ಮ ಗಡಿನಾಡಿನಲ್ಲಿ ಸಂಗ್ರಹಿಸಿದ ಎಷ್ಟೋ ಹಾಡು, ಶಾಸನಪಾಠಗಳು ಇಂತಹ ಕಡತಗಳಲ್ಲಿವೆ. ಅವುಗಳನ್ನು ತುಂಡು ತುಂಡಾಗಿ ನಕಲು ಮಾಡಿ ಸಾಗಿಸಬಾರದು. ಮೂಲ ಕಡತವನ್ನು ಇದ್ದಂತೆಯೇ ಕಾಪಾಡಿ, ಅದರ ಇನ್ನೊಂದು ಪ್ರತಿಯನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಹಾಗೂ ಅರ್ಕಾವೊತ್ತುಗಳನ್ನು ಸಾಲು ಸಾಲಾಗಿ ಮೂಲದೊಡನೆ ಹೋಲಿಸಿ ನೋಡಿದ ಮೇಲೆಯೇ ಬೇರೆಡೆ ಅಂಟಿಸಬೇಕು.