ಕೊಲಂಬಸ್ ಪಾರ್ಕಿನ ಅರ್ಹು ಮೇಳ

ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ಮಲ್‌ಬೆರಿ ಬೀದಿಗೆ ಹೊಂದಿಕೊಂಡಿರುವ ಕೊಲಂಬಸ್ ಪಾರ್ಕ್ 1897ರಲ್ಲಿ ತೆರೆದದ್ದು. ಬಿಸಿಲು ಹಿತವಾಗಿದ್ದರೆ ಚೀನೀ ಹಿರಿಯರು ಅಲ್ಲಿ ಗುಂಪುಗೂಡುತ್ತಾರೆ. ಒಂದು ಕಡೆ ಚೀನೀ ಚದುರಂಗ, ಇಸ್ಪೀಟು; ಇನ್ನೊಂದು ಕಡೆ ಕ್ಯಾಂಟನ್ ಸೀಮೆಯ ಗೀತನಾಟಕದ ಹಾಡು, ಜೊತೆಗೆ ಅರ್ಹು.

ಅರ್ಹು ಸಲೀಸಾದ ವಾದ್ಯವಲ್ಲ. ಇರುವುದು ಎರಡೇ ತಂತಿ; ಕಮಾನಿನ ಕೂದಲು ಆ ಎರಡರ ನಡುವೆಯೇ ಹಾದುಹೋಗುತ್ತದೆ. ಬೆರಳು ಒತ್ತಲು ಪಿಟೀಲಿಗಿರುವಂಥ ಹಲಗೆಯಿಲ್ಲ. ಸ್ವರಸ್ಥಾನವನ್ನು ಕಿವಿ ಹುಡುಕಬೇಕು, ಬೆರಳು ಆ ಕ್ಷಣವೇ ತಿದ್ದಿಕೊಳ್ಳಬೇಕು, ಹಾಡುವವರ ಉಸಿರನ್ನೂ ಹಿಂಬಾಲಿಸಬೇಕು. ಎಪ್ಪತ್ತು ದಾಟಿದ ಮಿದುಳಿಗೆ ಇದಕ್ಕಿಂತ ಒಳ್ಳೆಯ ಸಾಮು ಯಾವುದಿದೆ?

ಅದೇ ನಗರದ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದು, ಮಣೆಯಾಟ, ವಾದ್ಯ, ನೃತ್ಯದಲ್ಲಿ ತೊಡಗಿದವರಲ್ಲಿ ಮರೆಗುಳಿತನ ಕಡಿಮೆ ಕಂಡಿತ್ತು. ನೆನಪು ಚೆನ್ನಾಗಿರುವವರೇ ಇಂಥವನ್ನು ಬಿಡದೆ ಮುಂದುವರಿಸುತ್ತಾರೆ ಎಂಬ ಸಾಧ್ಯತೆಯೂ ಇದೆ, ನಿಜ. ಆದರೆ ಮೇಳವೆಂದರೆ ನಾಲ್ಕು ಜನರ ಒಡನಾಟವೂ ಹೌದು; ಒಂಟಿತನದ ಹಾನಿಯ ಬಗ್ಗೆ ವೈದ್ಯಲೋಕ ಈಗ ಸ್ಪಷ್ಟವಾಗಿಯೇ ಮಾತಾಡುತ್ತಿದೆ. ಮರೆಗುಳಿತನಕ್ಕೆ ದಾರಿಮಾಡುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಜನಸಂಪರ್ಕವಿಲ್ಲದ ಬದುಕು ಅದರಲ್ಲೊಂದು.

ವಲಸೆ ಬಂದ ಹಿರಿಯರನ್ನು ಈ ಒಂಟಿತನ ಬೇಗ ಹಿಡಿಯುತ್ತದೆ. ಮಕ್ಕಳ ಹಿಂದೆ ಬಂದು ಮೊಮ್ಮಕ್ಕಳನ್ನು ಸಾಕುತ್ತಾರೆ. ಇಂಗ್ಲಿಷ್ ಬಾರದು, ಬಸ್ಸು ಹತ್ತಲು ಅಂಜಿಕೆ, ಮೊಮ್ಮಕ್ಕಳ ಬಾಯಲ್ಲಿ ಮನೆಮಾತು ಸವೆಯುತ್ತಿರುತ್ತದೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದ ನಮ್ಮ ಅಪ್ಪ ಅಮ್ಮಂದಿರಿಗೂ ಈ ಹಗಲುಗಳು ಗೊತ್ತು. ಷಿಕಾಗೋದಲ್ಲಿ 2011ರಿಂದ 3,000ಕ್ಕೂ ಹೆಚ್ಚು ಚೀನೀ ಹಿರಿಯರನ್ನು ಅವರವರ ಆಡುಮಾತಿನಲ್ಲೇ ಮಾತಾಡಿಸಿದ ‘ಪೈನ್’ ಅಧ್ಯಯನ ಈ ಬದುಕನ್ನು ಹತ್ತಿರದಿಂದ ನೋಡಿತು.

ಇಂಥ ಹಿರಿಯರಿಗೆ ಪಾರ್ಕಿನ ಮೇಳ ಒಂದು ಆಸರೆ. ನನ್ನ ತಕರಾರಿರುವುದು ಇಂಥ ಕಲೆಯನ್ನು ಅಳೆಯುವ ಬಗೆಯ ಮೇಲೆ. ಅಮೆರಿಕದಲ್ಲಿ 1982ರಿಂದ ನಡೆದುಬಂದಿರುವ ರಾಷ್ಟ್ರೀಯ ಸಮೀಕ್ಷೆ ಬಹುಕಾಲ ಮುಖ್ಯವಾಗಿ ಲೆಕ್ಕ ಹಾಕಿದ್ದು ಜಾಝ್, ಶಾಸ್ತ್ರೀಯ ಸಂಗೀತ, ಆಪೆರಾ, ಬ್ಯಾಲೆ, ನಾಟಕ, ಕಲಾ ಸಂಗ್ರಹಾಲಯಗಳಿಗೆ ಹೋದವರನ್ನು. ಆ ಕಣ್ಣಿಗೆ, ದಿನವೂ ಕಮಾನು ಹಿಡಿಯುವ ಅಜ್ಜ ಕಲೆಯಿಂದ ದೂರ ಉಳಿದವರಾಗಿ ಕಾಣಬಹುದು. ಲೆಕ್ಕಕ್ಕೆ ಸಿಗದವರಿಗೆ ಅನುದಾನವೂ ಸಿಗುವುದಿಲ್ಲ. ಅವರಿಗೆ ಬೇಕಾದ್ದು ದೊಡ್ಡ ಸಂಗತಿಯೇನಲ್ಲ: ಹಿಮ ಬೀಳುವ ತಿಂಗಳುಗಳಲ್ಲಿ ಮೇಳ ಕೂರಲು ಬೆಚ್ಚನೆಯದೊಂದು ಕೋಣೆ, ನೆನಪಿನ ಪರೀಕ್ಷೆಗೆ ಬಂದಾಗ ಅವರ ಮಾತು ಬಲ್ಲ ವೈದ್ಯರು.