ಕೃತಕ ಬುದ್ಧಿಮತ್ತೆಯ ಸಹಾಯಕ: ಎಲ್ಲಿಡುವುದು?

ಇಳಕಲ್ಲಿನ ಶಾಲೆಯೊಂದು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಸಹಾಯಕವನ್ನು ತಾನೇ ನಡೆಸಬಯಸಿದೆ ಎಂದುಕೊಳ್ಳಿ. ಅದನ್ನು ಶಾಲೆಯ ಕಂಪ್ಯೂಟರಿನಲ್ಲಿ ಇಡಬೇಕೆ, ಮುಂಬಯಿಯಲ್ಲಿ ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ಇಡಬೇಕೆ?

ದೂರ ಇಲ್ಲಿ ಮುಖ್ಯವಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, 1000 ಕಿ.ಮೀ. ಕ್ರಮಿಸಲು 5 ಮಿಲಿಸೆಕೆಂಡ್ ಸಾಕು.

ಮುಖ್ಯವಾದುದು ಕಂಪ್ಯೂಟರಿನ ಸ್ಮೃತಿ. ಮೆಟಾ ಸಂಸ್ಥೆ 2024ರಲ್ಲಿ ಬಿಡುಗಡೆ ಮಾಡಿದ ಲಾಮಾ 3.1ರ ಅತಿ ಚಿಕ್ಕ ಮಾದರಿಯಲ್ಲಿ ಸುಮಾರು 800 ಕೋಟಿ ಸಂಖ್ಯೆಗಳಿವೆ. ಪ್ರತಿ ಸಂಖ್ಯೆಗೆ 16 ಬಿಟ್‌ನಂತೆ 16 ಗಿಗಾಬೈಟ್ ಬೇಕು. 4 ಬಿಟ್‌ಗೆ ಇಳಿಸಿದರೆ 4 ಗಿಗಾಬೈಟ್ ಸಾಕು. ಆದರೆ ಉತ್ತರದ ನಿಖರತೆ ತುಸು ಕುಗ್ಗುತ್ತದೆ. ಹಾಗಾಗಿ 16 ಗಿಗಾಬೈಟ್ ಸ್ಮೃತಿಯ ಸಾಮಾನ್ಯ ಕಂಪ್ಯೂಟರಿನಲ್ಲೂ ಇದು ನಿಧಾನವಾಗಿ ನಡೆಯುತ್ತದೆ. ಮಕ್ಕಳು ಕೇಳಿದ್ದು ಶಾಲೆಯಲ್ಲೇ ಉಳಿಯುತ್ತದೆ.

ಒಂದು ತೊಡಕಿದೆ. ಈ ಮಾದರಿಯ ಅಧಿಕೃತ 8 ಭಾಷೆಗಳಲ್ಲಿ ಹಿಂದಿ ಇದೆ, ಕನ್ನಡವಿಲ್ಲ. ಉತ್ತಮ ಕನ್ನಡಕ್ಕೆ ದೊಡ್ಡ ಮಾದರಿ ಬೇಕಾದರೆ, ಅಥವಾ ಬಾದಾಮಿ, ಹುನಗುಂದ, ಬಾಗಲಕೋಟೆಯ ಶಾಲೆಗಳೂ ಜೊತೆಗೂಡಿದರೆ, ಬಾಡಿಗೆ ಸರ್ವರ್ ಅನುಕೂಲ. ಆಗ ಪ್ರವೇಶಕ್ಕೆ ಗುಪ್ತಪದವಿರಲಿ. ಮಕ್ಕಳ ಹೆಸರನ್ನು ಅದಕ್ಕೆ ಕೊಡಬೇಡಿ.

ಹಣ ತೆರುವ ಮೊದಲು ಒಂದು ಪ್ರಯೋಗ ಮಾಡಿ. ಪಠ್ಯಪುಸ್ತಕದ ಹತ್ತು ಪ್ರಶ್ನೆಗಳನ್ನು ಚಿಕ್ಕ ಮಾದರಿಗೆ ಕನ್ನಡದಲ್ಲೇ ಕೇಳಿ, ಉತ್ತರಗಳನ್ನು ನೀವೇ ತಿದ್ದಿ ಅಂಕ ಕೊಡಿ. ಎಲ್ಲಿಡಬೇಕೆಂಬುದನ್ನು ಆ ಅಂಕಗಳೇ ಹೇಳುತ್ತವೆ.