ಪಹಣಿಯಲ್ಲಿ ಸೇರದ ಕಳಲೆ

ಮೂಡಿಗೆರೆ ತಾಲ್ಲೂಕಿನ ಕಾಫಿ ಸೀಮೆಯೊಳಗೆ, ಕೆಳಗೂರಿನಲ್ಲಿ, ಭದ್ರಾ ಅಭಯಾರಣ್ಯದಿಂದ ಎದ್ದುಬಂದ ಕುಟುಂಬಗಳ ಪುನರ್ವಸತಿ ನೆಲೆಯೊಂದಿದೆ. ಅದರ ಹಿನ್ನೆಲೆ 1951ರಲ್ಲಿ ಘೋಷಣೆಯಾದ ಜಾಗರ ಕಣಿವೆಯ ವನ್ಯಮೃಗಧಾಮದಷ್ಟು ಹಳೆಯದು. ಲಕ್ಕವಳ್ಳಿಯ ಕಾಡನ್ನೂ ಸೇರಿಸಿಕೊಂಡು 1970ರ ದಶಕದಲ್ಲಿ ಭದ್ರಾ ಎಂಬ ಹೆಸರು ಪಡೆದ ಈ ಅರಣ್ಯವು 1998ರಲ್ಲಿ ಹುಲಿ ಯೋಜನೆಗೆ ಸೇರುವ ಹೊತ್ತಿಗೆ, ಒಳಗಿನ ಹಳ್ಳಿಗಳಿಗೆ ಕಾಡಿನೊಡನಿದ್ದ ನಿತ್ಯದ ಕೊಡುಕೊಳ್ಳುವಿಕೆಯೇ ಕಾನೂನಿನ ಕಣ್ಣಿನಲ್ಲಿ ಸಂಶಯಾಸ್ಪದವಾಗಿತ್ತು. ಅಭಯಾರಣ್ಯಗಳಿಂದ ಒಣಮರ, ಹುಲ್ಲನ್ನು ಕೂಡ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿಯಲ್ಲಿ ನೀಡಿದ ಆದೇಶ ಆ ಇಕ್ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು.

2002ರ ವೇಳೆಗೆ ಹಿಪ್ಲ ಮೊದಲಾದ ಹಳ್ಳಿಗಳ 419 ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಗೊಂಡವು. ಜಮೀನು, ಮನೆ, ವಿದ್ಯುತ್ತು, ಶಾಲೆಗಳು ದೊರೆತ ಈ ಯೋಜನೆ ದೇಶದ ಅನೇಕ ಒಕ್ಕಲೆಬ್ಬಿಸುವಿಕೆಗಳಿಗಿಂತ ಮೇಲೆಂಬುದನ್ನು ಒಪ್ಪಲೇಬೇಕು. ಸಂಶೋಧಕಿ ಕೃತಿ ಕಾರಂತ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಬಹುಪಾಲು ಕುಟುಂಬಗಳು ಹೊಸ ಬದುಕಿನ ಬಗ್ಗೆ ತೃಪ್ತಿಯನ್ನೇ ಸೂಚಿಸಿದ್ದವು.

ಆದರೆ ಪರಿಹಾರದ ಲೆಕ್ಕ ನಡೆಯುವುದು ಪಹಣಿಯ, ಅಂದರೆ ಹಿಡುವಳಿಯ ಒಡೆತನವನ್ನೂ ಬೆಳೆಯನ್ನೂ ನಮೂದಿಸುವ ಪತ್ರದ, ಭಾಷೆಯಲ್ಲಿ. ಮಲೆನಾಡಿನ ಅಡುಗೆಮನೆಯ ಅರ್ಧ ಸಂಸಾರವಾದರೋ ಪಹಣಿಯ ಹೊರಗೇ ಬೆಳೆಯುತ್ತದೆ. ಮುಂಗಾರು ಹಿಡಿದಾಗ ಬಿದಿರುಮೆಳೆಯಲ್ಲಿ ಮೊಳೆಯುವ ಕಳಲೆಯನ್ನು ಹೆಚ್ಚಿ, ಕಹಿ ಮತ್ತು ನಂಜು ಇಳಿಯುವಂತೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ ಪಲ್ಯಕ್ಕೋ ಸಾರಿಗೋ ಹಾಕುವುದು, ಮರಗೆಸುವಿನ ಎಲೆಗೆ ಅಕ್ಕಿಹಿಟ್ಟು ಬಳಿದು ಸುತ್ತಿ ಪತ್ರೊಡೆ ಬೇಯಿಸುವುದು, ಹುತ್ತದ ಮೇಲೆ ಎದ್ದ ಅಣಬೆಯನ್ನು ಅರಳುವ ಮೊದಲೇ ಕಿತ್ತು ತರುವುದು, ಹಳ್ಳದ ಏಡಿಗೆ ಮಸಾಲೆ ಅರೆಯುವುದು, ವಾಟೆಹುಳಿಯನ್ನು ಒಣಗಿಸಿ ವರ್ಷದ ಹುಳಿಗೆ ಇಟ್ಟುಕೊಳ್ಳುವುದು, ಇವೆಲ್ಲವೂ ದುಡ್ಡು ಕೇಳದ ಊಟ. ಯಾವ ಮೆಳೆಯ ಕಳಲೆ ಎಳೆಯದು, ಯಾವ ಅಣಬೆ ತಿನ್ನಬಾರದು ಎಂಬ ತಿಳಿವಳಿಕೆ ಆಯಾ ಕಾಡಿಗೆ ಅಂಟಿಕೊಂಡಿರುವುದರಿಂದ, ಅದನ್ನು ಪಾತ್ರೆಪಗಡಿಯೊಡನೆ ಲಾರಿಗೆ ಏರಿಸಿಕೊಂಡು ಹೋಗಲು ಬರುವುದಿಲ್ಲ.

ಕಿರು ಅರಣ್ಯ ಉತ್ಪನ್ನ, ಅಂದರೆ ಬಿದಿರು, ಜೇನು, ಗೆಡ್ಡೆಗೆಣಸು ಮುಂತಾದ ಮರಮಟ್ಟಲ್ಲದ ವಸ್ತುಗಳ ಮೇಲೆ ಅರಣ್ಯವಾಸಿಗಳ ಒಡೆತನವನ್ನು ಮಾನ್ಯ ಮಾಡಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಹಕ್ಕುಗಳನ್ನು ಗುರುತಿಸುವ ಕೆಲಸ ಮುಗಿಯದೆ, ಗ್ರಾಮಸಭೆ ಒಪ್ಪದೆ ವನ್ಯಜೀವಿ ನೆಲೆಗಳಿಂದ ಜನರನ್ನು ಸ್ಥಳಾಂತರಿಸುವಂತಿಲ್ಲ ಎಂಬ ನಿಯಮವೂ ಅದರಲ್ಲಿಯೇ ಬಂದಿತು. ಅಷ್ಟರಲ್ಲಿ ಭದ್ರಾದ ಹಳ್ಳಿಗಳು ಖಾಲಿಯಾಗಿ ನಾಲ್ಕು ವರ್ಷ ಕಳೆದಿದ್ದವು. ಅವರಲ್ಲಿ ಕೆಲವರು ಬಂದು ನೆಲೆಸಿದ ಕಾಫಿ ಸೀಮೆಯಲ್ಲಾದರೋ ಬೇಲಿಯೊಳಗಿನ ಬಿದಿರುಮೆಳೆ ತೋಟದ ಮಾಲೀಕರದು.